ಹೆಳವರ ಪುಸ್ತಕದಲ್ಲಿ ಇಲ್ಲದ ಸಂಗತಿ

ಬರೆಯದೆ ತುಂಬಾ ದಿನಗಳಾದವು. ಆಸ್ಪತ್ರೆ, ಊರು, ಮತ್ತೆ ಆಸ್ಪತ್ರೆ ಅಂತ ಓಡಾಟವೇ ಆಗಿಹೋಯಿತು. ಈ ಓಡಾಟದ ನಡುವೆ ಒಂದಿಷ್ಟು ಹಳೆಯ ಸಂಗತಿಗಳನ್ನು ಓದಿಕೊಂಡೆ, ಒಂದಿಷ್ಟನ್ನು ಹಿರಿಯರ ಬಾಯಿಂದ ಕೇಳಿಕೊಂಡೆ. ಅವನ್ನೆಲ್ಲ ಒಂದು ಕಡೆ ಬರೆದಿಡೋಣ ಅನ್ನಿಸಿತು. ಸ್ವಲ್ಪ ಉದ್ದವಾಗಿದೆ, ಬೇಜಾರು ಮಾಡಿಕೊಳ್ಳದೆ ಓದಿ.

ಶುರುವಾದದ್ದು 2021ರಲ್ಲಿ. ಅಪ್ಪನಿಗೆ ಮೂತ್ರದ ತೊಂದರೆ ಅಂತ ಬೆಳಗಾವಿಯಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿದೆವು. ಹುಡುಕಿದ್ದು ಪ್ರಾಸ್ಟೇಟ್, ಸಿಕ್ಕಿದ್ದು ಬೇರೆ. ಹೃದಯದಿಂದ ಹೊರಟು ಹೊಟ್ಟೆಯ ಹಿಂಭಾಗದಲ್ಲಿ ಬೆನ್ನುಮೂಳೆಗೆ ಒರಗಿಕೊಂಡು ಇಳಿಯುವ ದೊಡ್ಡ ರಕ್ತನಾಳ ಇದೆಯಲ್ಲ, ಮಹಾಧಮನಿ, ಅದು ಒಂದು ಕಡೆ ಉಬ್ಬಿಕೊಂಡಿತ್ತು. ಸಾಮಾನ್ಯವಾಗಿ ಆ ಜಾಗದಲ್ಲಿ ಅದರ ಅಗಲ ಸುಮಾರು 2 ಸೆಂಟಿಮೀಟರ್. 3 ಆದರೆ ಉಬ್ಬು ಅಂತ ಲೆಕ್ಕ. ಅಪ್ಪನದು 4.6 ಇತ್ತು. ಇದಕ್ಕೆ ಅನ್ಯೂರಿಸಂ ಅಂತಾರೆ. ಹಳೇ ಸೈಕಲ್ ಟ್ಯೂಬಿಗೆ ಗಾಳಿ ತುಂಬಿದಾಗ ಎಲ್ಲಿ ರಬ್ಬರ್ ಸವೆದಿರುತ್ತದೋ ಅಲ್ಲಿ ಗುಳ್ಳೆ ಏಳುತ್ತದಲ್ಲ, ಹಾಗೇ. ನೋವಿಲ್ಲ, ಜ್ವರ ಇಲ್ಲ, ಏನೂ ಗೊತ್ತಾಗುವುದಿಲ್ಲ. ಒಡೆದರೆ ಮಾತ್ರ ಹತ್ತರಲ್ಲಿ ಎಂಟು ಜನ ಉಳಿಯುವುದಿಲ್ಲ. ಎಷ್ಟೋ ಜನ ಆಸ್ಪತ್ರೆಯ ಬಾಗಿಲನ್ನೂ ಮುಟ್ಟುವುದಿಲ್ಲ.

ಡಾಕ್ಟರು ರಿಪೋರ್ಟ್ ನೋಡಿ ಎರಡೇ ಪ್ರಶ್ನೆ ಕೇಳಿದರು. "ಬೀಡಿ ಸೇದ್ತಿದ್ರೇನ್ರಿ?" ಅಂದರು. ಅಪ್ಪ ತಲೆಯಾಡಿಸಿದ. "ಮನ್ಯಾಗ ಮತ್ತ ಯಾರಿಗಾದ್ರೂ ಹಿಂಗ ಆಗಿತ್ತೇನು?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಅಣ್ಣಾ ಹ್ವಾದದ್ದು......" ಅಂದವನು ಅಲ್ಲಿಗೇ ನಿಲ್ಲಿಸಿಬಿಟ್ಟ.

ದೊಡ್ಡಪ್ಪ ತೀರಿಹೋದದ್ದು 2009ರಲ್ಲಿ, ಅರವತ್ತೇಳನೇ ವಯಸ್ಸಿಗೆ. ನಮ್ಮದು ನಿಪ್ಪಾಣಿ ಕಡೆಯ ವೇದಗಂಗಾ ದಂಡೆಯ ಊರು. ಒಂದು ಸಂಜೆ ಸೊಂಟದ ಹಿಂದೆ ನೋವು ಅಂತ ಮಲಗಿದರು. ಹತ್ತಿರದ ಆಸ್ಪತ್ರೆಯಲ್ಲಿ ಮೂತ್ರಪಿಂಡದ ಕಲ್ಲು ಇರಬೇಕು ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮರುದಿನ ನಸುಕಿನಲ್ಲಿ ಬೆವರಿ ಬೆಳ್ಳಗಾದರು. ಕೊಲ್ಹಾಪುರಕ್ಕೆ ಒಯ್ಯುವಾಗ ಕಾಗಲ್ ದಾಟುವ ಮುಂಚೆಯೇ ಮುಗಿದುಹೋಯಿತು. ಹಾರ್ಟ್ ಅಟ್ಯಾಕ್ ಅಂದರು ಊರವರು, ನಾವೂ ಅಂದೆವು. ಪೋಸ್ಟ್‌ಮಾರ್ಟಂ ಆಗಲಿಲ್ಲ. ಹೀಗಾಗಿ ಈಗ ಯಾರೂ ಖಚಿತವಾಗಿ ಹೇಳುವ ಹಾಗಿಲ್ಲ. ಆದರೆ ಅದಕ್ಕೆ ಒಂದು ವರ್ಷ ಮುಂಚೆ ದೊಡ್ಡಪ್ಪ ಕಟ್ಟೆಯ ಮೇಲೆ ಅಂಗಾತ ಮಲಗಿ, "ನೋಡೋ, ನನ್ನ ಎದಿ ಹೊಟ್ಟ್ಯಾಗ ಬಡಕೋತೈತಿ" ಅಂತ ಹೊಕ್ಕುಳ ಹತ್ತಿರ ನನ್ನ ಕೈ ಇಟ್ಟುಕೊಂಡು ತೋರಿಸಿದ್ದರು. ನಾವೆಲ್ಲ ನಕ್ಕಿದ್ದೆವು. ಆ ಬಡಿತ ಈಗಲೂ ನನ್ನ ಅಂಗೈಯಲ್ಲಿದೆ.

ಇರಲಿ. ಈಗ ಇತಿಹಾಸಕ್ಕೆ ಬರೋಣ.

ಈ ಉಬ್ಬಿನ ಕಥೆಯಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಆಲ್ಬರ್ಟ್ ಐನ್‌ಸ್ಟೈನ್ ಅವರದು. ಅವರಿಗೂ ಇದೇ ಆಗಿತ್ತು. 1948ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರುಡಾಲ್ಫ್ ನಿಸ್ಸೆನ್ ಎಂಬ ಸರ್ಜನ್ ಅವರ ಹೊಟ್ಟೆ ತೆರೆದು, ಉಬ್ಬಿದ ನಾಳದ ಸುತ್ತ ಸೆಲೋಫೇನ್ ಹಾಳೆ ಸುತ್ತಿದರು. ಹೌದು, ಮಿಠಾಯಿಗೆ ಸುತ್ತುವ ಅದೇ ಸೆಲೋಫೇನ್! ಹಾಳೆಯ ಕಿರಿಕಿರಿಗೆ ಸುತ್ತ ಗಟ್ಟಿ ಅಂಗಾಂಶ ಬೆಳೆದು ನಾಳ ಬಿಗಿಯಾಗಲಿ ಅನ್ನುವ ಉಪಾಯ. ಅಂದಿಗೆ ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಐನ್‌ಸ್ಟೈನ್ ಆರು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. 1955ರ ಏಪ್ರಿಲ್‌ನಲ್ಲಿ ಉಬ್ಬು ಒಡೆಯಿತು. ಅಷ್ಟರಲ್ಲಿ ಹೊಸ ಬಗೆಯ ಆಪರೇಷನ್ ಬಂದಿತ್ತು, ಆದರೆ ಅವರು ಬೇಡವೆಂದರು. ಏಪ್ರಿಲ್ 18ರಂದು ಪ್ರಿನ್ಸ್‌ಟನ್‌ನಲ್ಲಿ ತೀರಿಕೊಂಡರು. ಅವರ ಬಾಯಲ್ಲಿ ಯಾವಾಗಲೂ ಪೈಪ್ ಇರುತ್ತಿತ್ತು ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಹೊಸ ಆಪರೇಷನ್ ಮಾಡಿದವರು ಪ್ಯಾರಿಸ್ಸಿನ ಶಾರ್ಲ್ ದ್ಯೂಬೋ. 1951ರಲ್ಲಿ ಅವರು ಹೊಟ್ಟೆಯ ಉಬ್ಬಿದ ಭಾಗವನ್ನು ಕತ್ತರಿಸಿ ತೆಗೆದು, ಸತ್ತವರ ದೇಹದಿಂದ ಪಡೆದ ರಕ್ತನಾಳದ ತುಂಡನ್ನು ಜೋಡಿಸಿದರು. ಆದರೆ ಬೇಕಾದಾಗಲೆಲ್ಲ ಅಂಥ ತುಂಡು ಎಲ್ಲಿಂದ ತರುವುದು? ಅಮೆರಿಕದ ಹ್ಯೂಸ್ಟನ್‌ನಲ್ಲಿ ಮೈಕೇಲ್ ಡಿಬೇಕಿ ಬಟ್ಟೆ ಅಂಗಡಿಗೆ ಹೋದರಂತೆ. ನೈಲಾನ್ ಕೇಳಿದರೆ ಖಾಲಿಯಾಗಿತ್ತು, ಅಂಗಡಿಯವರು ಡೇಕ್ರಾನ್ ಕೊಟ್ಟರು. ಅದನ್ನೇ ತಂದು ಮನೆಯ ಹೊಲಿಗೆ ಮಷೀನಿನಲ್ಲಿ ಕೊಳವೆಯಾಗಿ ಹೊಲಿದರು. ಇದನ್ನು ಅವರೇ ಹೇಳಿಕೊಂಡಿದ್ದರು. ಇವತ್ತಿಗೂ ಡೇಕ್ರಾನ್ ನಾಳಗಳು ಬಳಕೆಯಲ್ಲಿವೆ. ಆಮೇಲೆ 1980ರ ದಶಕದ ಕೊನೆಯಲ್ಲಿ ಉಕ್ರೇನಿನ ಖಾರ್ಕಿವ್‌ನಲ್ಲಿ ವೊಲೊಡೊಸ್, 1990ರಲ್ಲಿ ಅರ್ಜೆಂಟಿನಾದ ಪರೋಡಿ ಹೊಟ್ಟೆ ಕೊಯ್ಯದೆ ತೊಡೆಯ ರಕ್ತನಾಳದ ಮೂಲಕ ಒಳಗೆ ಕೊಳವೆ ತೂರಿಸುವ ವಿಧಾನ ತಂದರು.

ಇವೆಲ್ಲ ರಿಪೇರಿಯ ಮಾತು. ರಿಪೇರಿ ಮಾಡಬೇಕಾದರೆ ಉಬ್ಬು ಇದೆ ಅಂತ ಮೊದಲು ಗೊತ್ತಾಗಬೇಕಲ್ಲ? ಯಾರ ಹೊಟ್ಟೆಯೊಳಗೆ ಅಂತ ಹುಡುಕುವುದು? ಡಾಕ್ಟರು ಕೇಳಿದ ಆ ಎರಡನೇ ಪ್ರಶ್ನೆಯ ಚರಿತ್ರೆ ಇಲ್ಲಿಂದ ಶುರು.

1977ರಲ್ಲಿ ಕ್ಲಿಫ್ಟನ್ ಎಂಬ ಸರ್ಜನ್ ಬ್ರಿಟಿಷ್ ಸರ್ಜರಿ ಪತ್ರಿಕೆಯಲ್ಲಿ ಒಂದು ಚಿಕ್ಕ ಬರಹ ಪ್ರಕಟಿಸಿದರು. ಒಂದೇ ತಾಯಿ ಮಕ್ಕಳಾದ ಮೂವರು ಅಣ್ಣತಮ್ಮಂದಿರಿಗೆ ಇದೇ ಉಬ್ಬು ಬಂದಿತ್ತು. ಅಷ್ಟು ದಿನ ಇದು ವಯಸ್ಸಿನ ರೋಗ, ನಾಳದಲ್ಲಿ ಕೊಬ್ಬು ಕಟ್ಟಿ ಬರುವಂಥದ್ದು ಅಂತಲೇ ಎಲ್ಲರೂ ತಿಳಿದಿದ್ದರು. 1984ರಲ್ಲಿ ಟಿಲ್ಸನ್ ಮತ್ತು ಸೀಶೋರ್ ಅಮೆರಿಕದಲ್ಲಿ ಇಂಥ ಐವತ್ತು ಕುಟುಂಬಗಳ ವಿವರ ಒಟ್ಟುಮಾಡಿದರು. 1986ರಲ್ಲಿ ಜೊಹಾನ್ಸೆನ್ ಮತ್ತು ಕೊಪ್ಸೆಲ್ ಇನ್ನೂರೈವತ್ತು ರೋಗಿಗಳನ್ನೂ ಉಬ್ಬಿಲ್ಲದ ಅಷ್ಟೇ ಜನರನ್ನೂ ಮನೆತನದ ಬಗ್ಗೆ ಕೇಳಿದರು. ರೋಗಿಗಳಲ್ಲಿ ಶೇ. 19.2 ಜನರ ತಂದೆತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಇನ್ನೊಬ್ಬರಿಗೆ ಉಬ್ಬು ಇತ್ತು. ಉಳಿದವರಲ್ಲಿ ಅದು ಶೇ. 2.4 ಮಾತ್ರ.

ಕೇಳುವುದು ಒಂದು, ನೋಡುವುದು ಇನ್ನೊಂದು. 1989ರಲ್ಲಿ ಸ್ವೀಡನ್ನಿನ ವೈದ್ಯರು ರೋಗಿಗಳ ಅಣ್ಣತಮ್ಮ ಅಕ್ಕತಂಗಿಯರನ್ನು ಕರೆಸಿ ಅಲ್ಟ್ರಾಸೌಂಡ್ ಹಿಡಿದೇ ನೋಡಿದರು. ತಮಗೇನೂ ಇಲ್ಲ ಅಂದುಕೊಂಡು ಬಂದ 35 ಸಹೋದರರಲ್ಲಿ 10 ಜನರಿಗೆ ಉಬ್ಬು! 52 ಸಹೋದರಿಯರಲ್ಲಿ 3 ಜನರಿಗೆ. ಮುಂದೆ 2010ರಲ್ಲಿ ಪ್ರಕಟವಾದ ಸ್ವೀಡನ್ನಿನ ಅವಳಿಗಳ ಅಧ್ಯಯನ, ಈ ರೋಗ ಬರುವುದರಲ್ಲಿ ವಂಶವಾಹಿಯ ಪಾಲು ಸುಮಾರು ಶೇ. 70 ಅಂತ ಲೆಕ್ಕ ಹಾಕಿತು.

ಇನ್ನೊಂದು ಕಡೆ ಬ್ರಿಟನ್ನಿನಲ್ಲಿ 65ರಿಂದ 74 ವಯಸ್ಸಿನ 67,800 ಗಂಡಸರ ಮೇಲೆ ದೊಡ್ಡ ಪ್ರಯೋಗ ನಡೆಯಿತು. ಅರ್ಧ ಜನರನ್ನು ಸ್ಕ್ಯಾನ್‌ಗೆ ಕರೆದರು, ಅರ್ಧ ಜನರನ್ನು ಕರೆಯಲಿಲ್ಲ. 2002ರಲ್ಲಿ ಬಂದ ಫಲಿತಾಂಶದ ಪ್ರಕಾರ ಕರೆದವರಲ್ಲಿ ಈ ಉಬ್ಬಿನಿಂದಾದ ಸಾವು ನಾಲ್ಕು ವರ್ಷಗಳಲ್ಲಿ ಶೇ. 42ರಷ್ಟು ಕಡಿಮೆ. ಅದನ್ನು ನಂಬಿ 2009ರಿಂದ ಇಂಗ್ಲೆಂಡಿನಲ್ಲಿ 65 ತುಂಬುವ ಗಂಡಸರನ್ನೆಲ್ಲ ಒಮ್ಮೆ ಸ್ಕ್ಯಾನ್‌ಗೆ ಕರೆಯುವ ಯೋಜನೆ ಶುರುವಾಯಿತು. ದೊಡ್ಡಪ್ಪ ಹೋದದ್ದೂ ಅದೇ ವರ್ಷ.

ಹಾಗಾದರೆ ನಮ್ಮಲ್ಲೂ ಎಲ್ಲರನ್ನೂ ಕರೆಯಬಹುದಲ್ಲ ಅಂತ ನನಗೂ ಅನ್ನಿಸಿತ್ತು. ಆದರೆ ಲೆಕ್ಕ ಬೇರೆ ಇದೆ. ಬ್ರಿಟನ್ನಿನ ಲೆಸ್ಟರ್ ನಗರದಲ್ಲಿ ಭಾರತೀಯ ಮೂಲದವರು ಬಹಳ. ಅಲ್ಲಿ ಸ್ಕ್ಯಾನ್ ಮಾಡಿ ನೋಡಿದಾಗ ಬಿಳಿಯ ಗಂಡಸರಲ್ಲಿ ನೂರಕ್ಕೆ ನಾಲ್ಕೈದು ಜನರಿಗೆ ಉಬ್ಬು ಇದ್ದರೆ, ಏಷ್ಯಾ ಮೂಲದವರಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ. ಅಂದರೆ ಊರಿಗೆ ಊರನ್ನೇ ಸ್ಕ್ಯಾನ್ ಮಾಡಿಸುವುದು ನಮಗೆ ಹೊಂದುವ ಮಾತಲ್ಲ. ಆದರೆ ಒಂದು ಮನೆಯಲ್ಲಿ ಒಬ್ಬರಿಗೆ ಸಿಕ್ಕಿತು ಅಂದರೆ, ಆ ಮನೆಯವರನ್ನು ನೋಡಬೇಕಾದ್ದು ಆಮೇಲೆ ಉಳಿಯುವ ಸರಳ ಕೆಲಸ. ಯುರೋಪಿನ ರಕ್ತನಾಳ ತಜ್ಞರ ಸಂಘದ 2019ರ ಮಾರ್ಗಸೂಚಿ, ರೋಗಿಯ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಐವತ್ತು ದಾಟಿದ್ದರೆ, ಗಂಡಾಗಲಿ ಹೆಣ್ಣಾಗಲಿ, ಹತ್ತು ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸುವುದನ್ನು ಯೋಚಿಸಬಹುದು ಅನ್ನುತ್ತದೆ. ಅಮೆರಿಕದ ಸಂಘ 65ರ ಮೇಲೆ ಅನ್ನುತ್ತದೆ. ಹೆಣ್ಣುಮಕ್ಕಳು ಮಾತ್ರ ಎರಡರಲ್ಲೂ ಇದ್ದಾರೆ.

ಈಗ ಡಾಕ್ಟರ ಮೊದಲನೇ ಪ್ರಶ್ನೆ. ಬೀಡಿ.

ನಿಪ್ಪಾಣಿ ಅಂದರೆ ತಂಬಾಕು ಅಂತ ನಿಮಗೆಲ್ಲ ಗೊತ್ತೇ ಇದೆ. ಪೋರ್ಚುಗೀಸರ ಜೊತೆ ಈ ದೇಶಕ್ಕೆ ಬಂದ ಗಿಡ ನಮ್ಮ ದೂಧಗಂಗಾ ವೇದಗಂಗಾ ನಡುವಿನ ಕರಿನೆಲಕ್ಕೆ ಒಗ್ಗಿಕೊಂಡುಬಿಟ್ಟಿತು. ಬೀಡಿಗೆ ನಿಪ್ಪಾಣಿ ಜರ್ದಾನೇ ಬೇಕು ಅನ್ನುವಂತಾಯಿತು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೇ ಅಲ್ಲಿದೆ. ಅಜ್ಜನ ಕಾಲಕ್ಕೆ ಸೀಮೆ ಇನ್ನೂ ಮುಂಬಯಿ ಪ್ರಾಂತ್ಯದ್ದು, ತಾಲೂಕು ಚಿಕ್ಕೋಡಿ. ಎಲೆ ಒಣಗಿಸಿ ಚಕ್ಕಡಿಯಲ್ಲಿ ಹೇರಿಕೊಂಡು ನಿಪ್ಪಾಣಿಯ ವಖಾರಿಗೆ ಹೋಗುವುದು, ಧಾರಣೆಗಾಗಿ ದಿನಗಟ್ಟಲೆ ಕಾಯುವುದು, ಕಾಯುವಾಗ ಬೀಡಿ ಸೇದುವುದು. ದೊಡ್ಡಪ್ಪ ಹನ್ನೆರಡನೇ ವಯಸ್ಸಿಗೆ ಅಲ್ಲೇ ಕಲಿತದ್ದಂತೆ.

1981ರ ಮಾರ್ಚ್ ಏಪ್ರಿಲ್‌ನಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕು ರೈತರು ಪುಣೆ ಬೆಂಗಳೂರು ಹೆದ್ದಾರಿಯ ಮೇಲೆಯೇ ಕೂತುಬಿಟ್ಟರು. ಎತ್ತು, ಗಾಡಿ, ಹೆಂಡಿರು ಮಕ್ಕಳ ಸಮೇತ. ಮೂರು ವಾರಕ್ಕೂ ಹೆಚ್ಚು ಹೆದ್ದಾರಿ ಬಂದ್. ಕೊನೆಗೆ ಏಪ್ರಿಲ್‌ನಲ್ಲಿ ಪೊಲೀಸರ ಗುಂಡಿಗೆ ಹಲವು ರೈತರು ಬಲಿಯಾದರು. ದೊಡ್ಡಪ್ಪನೂ ಆ ರಸ್ತೆಯ ಮೇಲಿದ್ದರು. ಕಿಲೋಕ್ಕೆ ಒಂದೆರಡು ರೂಪಾಯಿ ಹೆಚ್ಚು ಸಿಗಲಿ ಅಂತ ಪ್ರಾಣ ಪಣಕ್ಕಿಟ್ಟವರು ಅವರು. ಅದೇ ಹೊತ್ತಿನಲ್ಲಿ ನಿಪ್ಪಾಣಿಯ ವಖಾರುಗಳಲ್ಲಿ ತಂಬಾಕು ಬಡಿದು ಜರಡಿ ಹಿಡಿಯುವ ಹೆಣ್ಣುಮಕ್ಕಳೂ ಸಂಘ ಕಟ್ಟಿದ್ದರು. ಯುಗಾಂತರ್ ತಂಡದವರು 1982ರಲ್ಲಿ ಅವರೊಂದಿಗೇ ಸೇರಿ 'ತಂಬಾಕು ಚಾಕಿಲಾ ಊಬ್ ಆಲಿ' ಅನ್ನುವ ಸಾಕ್ಷ್ಯಚಿತ್ರ ತೆಗೆದರು. ನಮ್ಮ ನಡುವಿನ ಅತ್ತೆ ವಿಧವೆಯಾಗಿ ನಿಪ್ಪಾಣಿಗೆ ಮರಳಿದ ಮೇಲೆ ಇಂಥದ್ದೇ ಒಂದು ವಖಾರಿನಲ್ಲಿ ಹನ್ನೊಂದು ವರ್ಷ ದುಡಿದಳು.

ಇವರ ಹೋರಾಟವನ್ನು ನಾನು ಸಣ್ಣದು ಮಾಡುತ್ತಿಲ್ಲ. ತಂಬಾಕಿನ ದುಡ್ಡಿನಲ್ಲೇ ನಾನು ಓದಿದ್ದು. ಆದರೆ ಈ ಉಬ್ಬಿಗೆ ಹೊಗೆಯಷ್ಟು ದೊಡ್ಡ ಕಾರಣ ಇನ್ನೊಂದಿಲ್ಲ ಅನ್ನುವುದೂ ಅಷ್ಟೇ ನಿಜ. ವಂಶದಲ್ಲಿ ಬಂದ ದುರ್ಬಲ ನಾಳ, ಅದರ ಮೇಲೆ ಐವತ್ತು ವರ್ಷದ ಹೊಗೆ. ಐನ್‌ಸ್ಟೈನರ ಪೈಪಿಗೂ ದೊಡ್ಡಪ್ಪನ ಬೀಡಿಗೂ ರಕ್ತನಾಳ ಭೇದ ಮಾಡುವುದಿಲ್ಲ. ಈಗ ನಮ್ಮ ಹೊಲದಲ್ಲಿ ಕಬ್ಬು ನಿಂತಿದೆ. ಬೀಡಿ ಮಾತ್ರ ಬಹಳ ಮನೆಗಳಲ್ಲಿ ಇನ್ನೂ ಇದೆ.

ಇನ್ನು ಪಟ್ಟಿ ಮಾಡುವ ಕೆಲಸ. "ಒಡಹುಟ್ಟಿದವ್ರು, ಐವತ್ತು ದಾಟಿದ ಮಕ್ಕಳು, ಎಲ್ಲಾರನ್ನೂ ಒಮ್ಮೆ ತೋರಸ್ರಿ" ಅಂದಿದ್ದರು ಡಾಕ್ಟರು. ಸುಲಭದ ಮಾತು ಅಂದುಕೊಂಡೆ. ಅದೇ ವರ್ಷ ಸುಗ್ಗಿ ಮುಗಿದ ಮೇಲೆ ಹೆಳವರು ಬಂದರು. ಉತ್ತರ ಕರ್ನಾಟಕದವರಿಗೆ ಹೇಳಬೇಕಿಲ್ಲ, ಬೇರೆಯವರಿಗಾಗಿ ಒಂದು ಮಾತು: ಹೆಳವರು ಅಂದರೆ ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಓದಿ ಹೇಳುವವರು. ತಲೆತಲಾಂತರದಿಂದ ಒಂದೊಂದು ಹೆಳವ ಮನೆಗೆ ಇಂತಿಂಥ ಒಕ್ಕಲು ಅಂತ ಇರುತ್ತದೆ. ಕಾಳು, ದುಡ್ಡು, ಅನುಕೂಲ ಇದ್ದವರು ದನ ಕೊಟ್ಟು ಕಳಿಸುತ್ತಾರೆ.

ನಮ್ಮ ಹೆಳವ ಅಜ್ಜ ಕಟ್ಟೆಯ ಮೇಲೆ ಕೂತು ಏಳು ತಲೆಮಾರು ಓದಿದ. ಯಾವ ಅಜ್ಜ ಯಾವ ಊರಿಂದ ಬಂದ, ಯಾರು ಬಾವಿ ತೋಡಿಸಿದ, ಯಾರಿಗೆ ಎಷ್ಟು ಗಂಡುಮಕ್ಕಳು, ಎಲ್ಲ ಇತ್ತು. ನಾನು ಕೇಳಿದೆ, "ಅಜ್ಜಾ, ಇವ್ರೆಲ್ಲಾ ಹ್ಯಾಂಗ ಸತ್ರು ಅಂತ ಬರದೀರೇನು?" ಅವನು ನನ್ನ ಮುಖವನ್ನೇ ನೋಡಿದ. "ಹುಟ್ಟಿದ್ದು ಬರೀತೀವೋ ತಮ್ಮಾ, ಸಾವು ಯಾರ್ ಕೇಳ್ತಾರ?" ನನ್ನ ಅಜ್ಜ 1974ರಲ್ಲಿ ಹೊಲದಲ್ಲಿ ಹೊಟ್ಟೆ ಹಿಡಿದುಕೊಂಡು ಬಿದ್ದವನು ಏಳಲಿಲ್ಲ ಅಂತ ಅಪ್ಪ ಹೇಳುತ್ತಾನೆ. ಹೊಟ್ಟೆಶೂಲೆ ಅಂದರಂತೆ. ಅದು ಏನಾಗಿತ್ತೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ಸಂಗತಿ ಆಮೇಲೆ ಹೊಳೆಯಿತು. ಆ ಪುಸ್ತಕದಲ್ಲಿ ನಮ್ಮ ಮೂವರು ಅತ್ತೆಯರ ಹೆಸರೇ ಇರಲಿಲ್ಲ. ನಾನು ಮನೆಯಲ್ಲಿ ಬರೆದ ಮೊದಲ ಪಟ್ಟಿಯಲ್ಲೂ ಇರಲಿಲ್ಲ! ಅಪ್ಪ, ಕಾಕಾ, ದೊಡ್ಡಪ್ಪನ ಮಗ, ನಾನು. ನಾಲ್ಕೇ ಹೆಸರು. ಕೊಟ್ಟ ಮನೆಗೆ ಹೋದವರು ಬೇರೆ ಮನೆತನದವರಾದರು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ರಕ್ತಕ್ಕೆ ಅದು ಗೊತ್ತಿಲ್ಲವಲ್ಲ. ಅಪ್ಪನಿಗೆ ಎಷ್ಟು ಹತ್ತಿರ ಕಾಕಾನೋ ಅಷ್ಟೇ ಹತ್ತಿರ ಅತ್ತೆಯರೂ. ಹೆಂಡತಿ ಪಟ್ಟಿ ನೋಡಿ, "ಹೆಣ್ಮಕ್ಕಳಿಗೆ ಹೊಟ್ಟಿ ಇರೂದಿಲ್ಲೇನು?" ಅಂದಳು. ತಿದ್ದಿದೆ.

ಹೀಗೆ ಪಟ್ಟಿ ಐದು ತಾಲೂಕಿಗೆ ಹರಡಿತು. ನಾವು ಮತ್ತು ನಡುವಿನ ಅತ್ತೆ ನಿಪ್ಪಾಣಿ, ದೊಡ್ಡಪ್ಪನ ಮಗ ಚಿಕ್ಕೋಡಿ, ಹಿರಿಯ ಅತ್ತೆ ಅಥಣಿ, ಕಿರಿಯ ಅತ್ತೆ ರಾಯಬಾಗ, ಕಾಕಾ ಕಾಗವಾಡ. (ನಿಪ್ಪಾಣಿ, ಕಾಗವಾಡ ಬೇರೆ ತಾಲೂಕಾದದ್ದು ಇತ್ತೀಚೆಗೆ. ಹಳಬರಿಗೆ ಅವು ಈಗಲೂ ಚಿಕ್ಕೋಡಿ ಮತ್ತು ಅಥಣಿ!) ಎಲ್ಲರೂ ಒಟ್ಟಿಗೆ ಸಿಗುವುದು ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ. ಯಾರಾದರೂ ಒಂದು ಮಷೀನು ತಂದು ಅಲ್ಲೇ ನೋಡಿಬಿಟ್ಟರೆ ಅಂತ ಡಾಕ್ಟರ ಮುಂದೆ ಅಂದೆ. ಅವರು ನಕ್ಕರು. ಅಲ್ಟ್ರಾಸೌಂಡ್ ಮಷೀನನ್ನು ಹಾಗೆ ಹೊತ್ತುಕೊಂಡು ತಿರುಗುವಂತಿಲ್ಲ. ಹೆಣ್ಣು ಭ್ರೂಣ ಹುಡುಕಿ ಕೊಲ್ಲುವುದನ್ನು ತಡೆಯಲು 1994ರಲ್ಲಿ ಮಾಡಿದ ಕಾನೂನಿನಡಿ ಪ್ರತಿ ಮಷೀನೂ ನೋಂದಾಯಿತ ಜಾಗದಲ್ಲಿರಬೇಕು. ಕಾನೂನು ತಪ್ಪಲ್ಲ. ಅದನ್ನು ಮಾಡಬೇಕಾದ ಪರಿಸ್ಥಿತಿ ತಂದವರು ನಾವೇ. ಹೀಗಾಗಿ ಒಬ್ಬೊಬ್ಬರನ್ನೇ ಒಪ್ಪಿಸಿ ಕರೆದೊಯ್ಯಬೇಕಾಯಿತು. ಕಾಗವಾಡ ಅಥಣಿಯವರು ಮಿರಜ್‌ಗೆ. 1890ರ ದಶಕದಲ್ಲಿ ವಾನ್‌ಲೆಸ್ ಡಾಕ್ಟರು ಅಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದಾಗಿನಿಂದ ಆ ಕಡೆಯವರಿಗೆ ದವಾಖಾನೆ ಅಂದರೆ ಮಿರಜ್. ಉಳಿದವರು ಬೆಳಗಾವಿಗೆ.

ಪರೀಕ್ಷೆ ಹತ್ತು ನಿಮಿಷದ್ದು. ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಹೊಟ್ಟೆಗೆ ತಣ್ಣನೆಯ ಜೆಲ್ಲಿ ಹಚ್ಚುತ್ತಾರೆ, ಸೂಜಿ ಇಲ್ಲ, ಕ್ಷಕಿರಣ ಇಲ್ಲ. ಮೂವರು ಅತ್ತೆಯರದೂ ನಾರ್ಮಲ್ ಬಂತು. ಅಥಣಿಯ ಅತ್ತೆ ಹೊರಗೆ ಬಂದು ಸೆರಗು ಸರಿಮಾಡಿಕೊಳ್ಳುತ್ತಾ, "ಏನೂ ಇಲ್ಲಂತ. ಹೋಗ್ಲಿ, ನಮ್ಮನ್ನೂ ತವರಮನಿ ಲೆಕ್ಕಕ್ಕ ಹಿಡದ್ರಲ್ಲ, ಅಷ್ಟು ಸಾಕು" ಅಂದಳು. ನಗುತ್ತಲೇ ಅಂದಳು. ನನಗೆ ನಗಲಾಗಲಿಲ್ಲ.

ಕಾಕಾಗೆ 3.4 ಸಿಕ್ಕಿತು. ಅಪ್ಪನದು ಈಗ 5 ದಾಟಿದೆ. ಗಂಡಸರಲ್ಲಿ 5.5 ಮುಟ್ಟುವವರೆಗೆ ಸಾಮಾನ್ಯವಾಗಿ ಆಪರೇಷನ್ ಮಾಡುವುದಿಲ್ಲ. ಅದಕ್ಕಿಂತ ಮೊದಲೇ ಕೊಯ್ದರೆ ಲಾಭವಿಲ್ಲ ಅಂತ 1998ರಲ್ಲೇ ಬ್ರಿಟನ್ನಿನ ಪ್ರಯೋಗವೊಂದು ತೋರಿಸಿದೆ. ಅಲ್ಲಿಯವರೆಗೆ ಬಿಪಿ ಹಿಡಿತದಲ್ಲಿಡುವುದು, ಬೀಡಿ ಬಿಡುವುದು, ಗೊತ್ತುಮಾಡಿದ ದಿನಕ್ಕೆ ಅಳೆಸುವುದು. ಹೊಟ್ಟೆಯೊಳಗೆ ಹೀಗೊಂದಿದೆ ಅಂತ ತಿಳಿದುಕೊಂಡು ಬದುಕುವುದು ಸುಲಭವಲ್ಲ. ಅಪ್ಪ ಕೆಮ್ಮಿದರೂ ಹೊಟ್ಟೆ ಹಿಡಿದುಕೊಳ್ಳುತ್ತಾನೆ. ತಿಳಿಯದಿದ್ದರೇ ಚೆನ್ನಾಗಿತ್ತೇನೋ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ಆಗ ಕಾಗಲ್ ರಸ್ತೆ ನೆನಪಾಗುತ್ತದೆ.

ಪಟ್ಟಿಯಲ್ಲಿ ಟಿಕ್ ಬೀಳದೆ ಉಳಿದಿರುವುದು ಎರಡು ಹೆಸರು. ಒಂದು ದೊಡ್ಡಪ್ಪನ ಮಗನದು. ಅವನಿಗೆ ಐವತ್ತೆಂಟು, ದಿನಕ್ಕೆ ಒಂದು ಪ್ಯಾಕು ಸಿಗರೇಟು. ಎಷ್ಟು ಹೇಳಿದರೂ ಬರುತ್ತಿಲ್ಲ. ಕಳೆದ ಸಲ ಗೇಟಿನ ಹತ್ತಿರ ನಿಲ್ಲಿಸಿ ಮೆಲ್ಲಗೆ ಹೇಳಿದ, "ಮಗಳಿಗೆ ವರ ನೋಡಾಕತ್ತೀವಿ. ಈ ಮನೆತನದಾಗ ಹಿಂಥಾ ರೋಗ ಐತಿ ಅಂತ ಸುದ್ದಿ ಹಬ್ಬಿದ್ರ ಯಾರ್ ಬರ್ತಾರ? ಅಪ್ಪಂದು ಹಾರ್ಟ್ ಅಟ್ಯಾಕ್. ಹಂಗೇ ಇರ್ಲಿ." ಅವನಿಗೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಅವನ ಮಾತಿನಲ್ಲಿ ಸುಳ್ಳೇನೂ ಇಲ್ಲ, ನಮ್ಮ ಕಡೆ ಹಾಗೇ ನಡೆಯುತ್ತದೆ.

ಎರಡನೇ ಹೆಸರು ನನ್ನದೇ. ಐವತ್ತೆರಡು ತುಂಬಿದೆ. ಎಲ್ಲರನ್ನೂ ಕರೆದೊಯ್ದು ಹೊರಗಿನ ಬೆಂಚಿನಲ್ಲಿ ಕೂತು ಬಂದೆನೇ ಹೊರತು ನಾನು ಒಳಗೆ ಹೋಗಲಿಲ್ಲ. ಕೆಲಸ ಇತ್ತು ಅಂತ ಹೆಂಡತಿಗೆ ಹೇಳಿದ್ದೇನೆ. ನಿಜ ಹೇಳಬೇಕೆಂದರೆ, ಹೆದರಿಕೆ. ಇದನ್ನು ಬರೆಯುತ್ತಾ ಬರೆಯುತ್ತಾ ನಾಚಿಕೆಯೂ ಆಯಿತು, ಬರುವ ಗುರುವಾರಕ್ಕೆ ಹೆಸರು ಬರೆಸಿದ್ದೇನೆ. ಅಣ್ಣನಿಗೂ ಫೋನ್ ಮಾಡಿ, "ನನಗ ಒಬ್ಬನ ಹೋಗಾಕ ಅಂಜಿಕಿ, ಜೋಡಿ ಬಾ" ಅಂದಿದ್ದೇನೆ. ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ.

ನಿಮ್ಮ ಮನೆಯಲ್ಲೂ "ಒಮ್ಮೆಲೆ ಹೋದ್ರು" ಅಂತ ಮುಗಿಸಿಬಿಟ್ಟ ಸಾವುಗಳಿದ್ದರೆ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಹೆಣ್ಣುಮಕ್ಕಳ ಹೆಸರನ್ನೂ ಬರೆಯಿರಿ. ಹೆಳವ ಅಜ್ಜ ಮತ್ತೆ ಬಂದಾಗ ನಮ್ಮ ಮೂವರು ಅತ್ತೆಯರ ಹೆಸರು ಪುಸ್ತಕಕ್ಕೆ ಸೇರಿಸಲು ಹೇಳಬೇಕೆಂದಿದ್ದೇನೆ. ಸೇರಿಸುತ್ತಾನೋ ಇಲ್ಲವೋ, ನೋಡೋಣ.